ಝೋನಿನೊಳಗಿನ ಖಾಲಿ ಮನೆ

ಅದು ಎರಡು ಸಾವಿರದ ಐದರ ಸುಮಾರು. ಪರದೇಶದ ನಗರವೊಂದರ ಒನೆಹುಂಗಾ ಬಡಾವಣೆಯ ನಮ್ಮ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ ಒಂದು ಮನೆ ಮಾರಾಟಕ್ಕಿತ್ತು. ಬೆಳಗಿನ ಬಿಸಿಲು ಅಡುಗೆಮನೆಯವರೆಗೆ ಬರುತ್ತಿತ್ತು, ಹಿತ್ತಲಲ್ಲಿ ನಿಂಬೆಗಿಡವಿತ್ತು, ಪೆನ್‌ರೋಸಿನ ನನ್ನ ಕೆಲಸಕ್ಕೆ ಹತ್ತು ನಿಮಿಷದ ದಾರಿ. ನಾವು ಅದನ್ನು ಕೊಳ್ಳಲಿಲ್ಲ. ಮೌಂಟ್ ಆಲ್ಬರ್ಟ್ ಕಡೆ, ಮಧ್ಯಾಹ್ನವೂ ದೀಪ ಹಾಕಬೇಕಾದ, ಗೋಡೆಗೆ ತೇವ ಹಿಡಿದ ಮನೆಯೊಂದನ್ನು ಕೊಂಡೆವು. ಅದು ಹೆಸರಾಂತ ಹೈಸ್ಕೂಲೊಂದರ ಝೋನಿನಲ್ಲಿತ್ತು. ಝೋನ್ ಎಂದರೆ ನಕ್ಷೆಯ ಮೇಲೆ ಎಳೆದ ಗೆರೆ. ಒಳಗೆ ವಾಸಿಸುವ ಮಕ್ಕಳಿಗೆ ಸೀಟು ಖಚಿತ. ಹೊರಗಿನವರಿಗೆ ಚೀಟಿ ಎತ್ತುತ್ತಾರೆ. ಗೆರೆ ನಮ್ಮ ಬೀದಿಯ ನಡುವೆಯೇ ಹೋಗಿತ್ತು. ಎದುರು ಮನೆಯ ಬೆಕ್ಕು ದಿನಕ್ಕೆ ನಾಲ್ಕು ಸಲ ಅದನ್ನು ದಾಟುತ್ತಿತ್ತು.

ಮಗಳಿಗೆ ಹನ್ನೆರಡು ವರ್ಷ. ಮುಂದಿನ ವರ್ಷ ಅವಳು ಆ ಶಾಲೆಗೆ ಸೇರಬೇಕು. ಮನೆ ಕೊಂಡದ್ದು ಅದಕ್ಕೊಂದಕ್ಕೇ.

ಬೀಗದ ಕೈ ಸಿಕ್ಕಿದ್ದು ಆಷಾಢದಲ್ಲಿ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಚಳಿ ಕೊರೆಯುವ ಜುಲೈನಲ್ಲಿ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಆಷಾಢದಲ್ಲಿ ಯಾರಾದರೂ ಗೃಹಪ್ರವೇಶ ಮಾಡ್ತಾರೇನೋ? ಶ್ರಾವಣ ಬರಲಿ," ಎಂದರು. ಒಂದು ತಿಂಗಳು ತಾನೇ ಎಂದುಕೊಂಡೆವು. ಶಾಲೆಗೆ ಅರ್ಜಿ ಕೊಡಬೇಕಾದದ್ದೂ ಅದೇ ತಿಂಗಳು. ಜೊತೆಗೆ ಕರೆಂಟ್ ಬಿಲ್ಲು, ಆ ವಿಳಾಸದಲ್ಲೇ ವಾಸವಾಗಿದ್ದೇವೆ ಎಂಬ ಪ್ರಮಾಣಪತ್ರ.

ಒಲೆ ಹಚ್ಚದೆ, ಮಲಗದೆ ಇದ್ದರೆ ಅದು ಪ್ರವೇಶವಲ್ಲ ಎಂದು ನನ್ನ ಹೆಂಡತಿ ತೀರ್ಮಾನಿಸಿದಳು. ಹಾಗಾಗಿ ಪ್ರತಿ ಸಂಜೆ ಹೋಗಿ ಖಾಲಿ ಮನೆಯಲ್ಲಿ ಹೀಟರ್ ಹಾಕಿ ಕೂರುತ್ತಿದ್ದೆವು. ಬಿಲ್ಲಿನಲ್ಲಿ ಯೂನಿಟ್ ಕಾಣಬೇಕಲ್ಲ. ಆಮೇಲೆ ಬಾಡಿಗೆ ಮನೆಗೆ ಮರಳಿ, ಎರಡೆರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆವು.

ಲೈಬ್ರರಿಯಲ್ಲಿ ಇಂಥ ಪತ್ರಗಳಿಗೆ ಸಾಕ್ಷಿಯಾಗಿ ಸಹಿ ಹಾಕುವ ವೃದ್ಧರೊಬ್ಬರು ಕೂರುತ್ತಿದ್ದರು. "ಇದರಲ್ಲಿ ಬರೆದದ್ದು ನಿಜವೇ?" ಎಂದು ಕೇಳಿದರು. "ಹೌದು," ಎಂದೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಹತ್ತು ದಿನದ ಮೇಲೆ, ಗುರುವಾರ ಸಂಜೆ, ನಾವು ಮೂವರೂ ಹೀಟರಿನ ಸುತ್ತ ಕುಳಿತಿದ್ದಾಗ ಶಾಲೆಯ ಕಚೇರಿಯ ಹೆಂಗಸೊಬ್ಬರು ವಿಳಾಸ ಪರೀಕ್ಷಿಸಲು ಬಂದು ಬಾಗಿಲು ತಟ್ಟಿದರು. ಒಳಗೆ ಬಂದು ಬರೀ ಕಾರ್ಪೆಟ್ಟನ್ನು ನೋಡಿದರು. ಮಗಳನ್ನು, "ನಿನ್ನ ರೂಮು ಯಾವುದಮ್ಮಾ?" ಎಂದು ಕೇಳಿದರು.

"ಇದು," ಎಂದಳು ಮಗಳು, ತನ್ನ ಇಂಗ್ಲಿಷಿನಲ್ಲಿ. "ಮಂಚ ಕಿಟಕಿ ಪಕ್ಕ ಇತ್ತು. ಪೇಂಟ್ ಮಾಡಿಸ್ತಿದ್ದೀವಿ, ಅದಕ್ಕೇ ಸಾಮಾನೆಲ್ಲ ಗ್ಯಾರೇಜಲ್ಲಿದೆ."

ನಮ್ಮ ಮನೆಗೆ ಗ್ಯಾರೇಜೇ ಇರಲಿಲ್ಲ. ಲೈಬ್ರರಿಯಲ್ಲಿ ನಾನು ಹೌದು ಎಂದಾಗಿನ ಧ್ವನಿಯೇ ಅದು: ಮೆಲ್ಲಗೆ, ತಡವರಿಸದೆ.

"ಇಲ್ಲ," ಎಂದೆ. "ನಾವಿನ್ನೂ ಇಲ್ಲಿಗೆ ವಾಸಕ್ಕೆ ಬಂದಿಲ್ಲ. ಈ ತಿಂಗಳು ನಮಗೆ ಶುಭವಲ್ಲ."

"ಜುಲೈಯೇ? ನನಗೂ ಅದನ್ನು ಕಂಡರೆ ಆಗದು," ಎಂದರು ಆಕೆ, ನಗದೆ. "ಆದರೆ ಈ ಪ್ರಮಾಣಪತ್ರವನ್ನು ನಾನು ತೆಗೆದುಕೊಳ್ಳಲಾರೆ. ನಿಜವಾಗಿ ಬಂದ ಮೇಲೆ ಹೊಸದು ಕೊಡಿ. ಅರ್ಜಿಗೆ ಮುಂದಿನ ಶುಕ್ರವಾರ ಕೊನೆ."

ಅವರು ಹೋದ ಮೇಲೆ ಹೆಂಡತಿ ಎದ್ದಳು. "ಆಷಾಢ ಇರೋದು ಮೈಸೂರಿನಲ್ಲಿ. ಇಲ್ಲಿ ಬರೀ ಚಳಿಗಾಲ. ಡೇರಿಗೆ ಹೋಗಿ ಹಾಲು ತನ್ನಿ," ಎಂದಳು. ಡೇರಿ ಎಂದರೆ ಇಲ್ಲಿ ಮೂಲೆಯಂಗಡಿ. ಅಲ್ಲಿಂದ ತಂದ ಹಾಲು ಅಂದೇ ಉಕ್ಕಿತು. ಶನಿವಾರ ಸಾಮಾನು ಬಂತು. ಮಂಗಳವಾರ ಆಕೆ ಮತ್ತೆ ಬಂದು, ಬಾಗಿಲ ಬಳಿಯ ಚಪ್ಪಲಿಗಳ ರಾಶಿ ನೋಡಿ, ಹೊಸ ಪತ್ರ ತೆಗೆದುಕೊಂಡು ಹೋದರು. ಸೀಟು ಸಿಕ್ಕಿತು.

ಆ ಭಾನುವಾರ ಅಮ್ಮನ ಫೋನು. ಮಗಳು ಎತ್ತಿ, ಅಂಗೈಯಿಂದ ಮುಚ್ಚಿ, ನನ್ನ ಮುಖ ನೋಡಿದಳು: "ಅಪ್ಪಾ, ಅಜ್ಜಿಗೆ ನಾವು ಎಲ್ಲಿದ್ದೀವಿ ಅಂತ ಹೇಳಲಿ?"

ಫೋನನ್ನು ನಾನೇ ತೆಗೆದುಕೊಂಡೆ. "ಅಮ್ಮಾ, ಹೊಸ ಮನೆಯಲ್ಲಿದ್ದೀವಿ. ಹಾಲು ಉಕ್ಕಿಸಿಯೂ ಆಯಿತು."

ಅಮ್ಮ ಪಂಚಾಂಗದ ಹಾಳೆ ತಿರುವಿದ್ದು ಕೇಳಿಸಿತು. ಆಮೇಲೆ, "ಹೋಗಲಿ. ಸ್ಕೂಲು ಚೆನ್ನಾಗಿದೆಯೇನೋ?" ಎಂದರು.

ಹೆಂಡತಿಯ ಕಡೆ ನೋಡಿದೆ. ನಾವ್ಯಾರೂ ಆ ಶಾಲೆಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ.