ಊರಿನ ಅಂಚು ಅಳೆದ ಮಾಸ್ತರರು

ನಡೆಯುವಾಗ ನಮ್ಮ ಭೂಗೋಳದ ಮಾಸ್ತರರ ತುಟಿ ಸಣ್ಣಗೆ ಅಲುಗುತ್ತಿತ್ತು. ಜಪ ಮಾಡುತ್ತಾರೆಂದು ನಾವು ಹುಡುಗಿಯರು ತಿಳಿದಿದ್ದೆವು. ಅವರು ಹೆಜ್ಜೆ ಎಣಿಸುತ್ತಿದ್ದರು. ಕಾಚಿಗೂಡದ ನಮ್ಮ ಕನ್ನಡ ಶಾಲೆಯಿಂದ ಸ್ಟೇಷನ್ನಿಗೆ ಎಷ್ಟು, ಚಹಾದಂಗಡಿಗೆ ಎಷ್ಟು, ಎಲ್ಲ ಅವರಿಗೆ ಬಾಯಿಪಾಠ. ವಿಜಯಪುರದ ಕಡೆಯವರು. ಉತ್ತರ ತಪ್ಪಾದರೆ "ಮತ್ತೊಮ್ಮೆ ನೋಡವಾ" ಎನ್ನುತ್ತಿದ್ದರು, ಅಷ್ಟೇ.

ನಾನಾಗ ಒಂಬತ್ತನೇ ತರಗತಿ. "ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ದಾಗ ಟೆಸ್ಟ್ ಮ್ಯಾಚ್ ಆಡ್ತಾರಲ್ಲ, ಆ ಮೈದಾನ ನಗರದ ಗಡಿಯ ಹೊರಗ ಐತಿ, ಗೊತ್ತೇನು?" ಎಂದು ಕೇಳಿದರು. ನಾವು ನಂಬಲಿಲ್ಲ. "ಖರೇನ. ಆದ್ರ ಅಲ್ಲಿ ಊರು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋರು ಗಡಿ ಗೆರಿ ನೋಡಂಗಿಲ್ಲ, ಮನಿ ನೋಡ್ತಾರ. ಎರಡು ವಸ್ತಿ ನಡುವಿನ ಬಯಲು ಇನ್ನೂರು ಮೀಟರಿನೊಳಗ ಇದ್ರ, ಎರಡೂ ಕೂಡಿ ಒಂದ ಊರು."

ಕೇಳುತ್ತ ನನಗೆ ಅಳು ಬಂತು. ಜೀಡಿಮೆಟ್ಲಾದ ಕಾರ್ಖಾನೆಗಳ ಹಿಂದೆ, ಯಾದಗಿರಿಯಿಂದ ಗೌಂಡಿ ಕೆಲಸಕ್ಕೆ ಬಂದವರ ತಗಡಿನ ಮನೆಗಳಲ್ಲಿ ನಮ್ಮದೂ ಒಂದು. ಆ ವಾರವೇ, ನಿಮ್ಮ ವಸ್ತಿ ನಗರದೊಳಗಿಲ್ಲ ಎಂದು ನನಗೆ ಬಸ್ ಪಾಸ್ ನಿರಾಕರಿಸಿದ್ದರು. ದಿನಾ ಎರಡು ಬಸ್ಸಿನ ಟಿಕೆಟ್ ನಮ್ಮ ಕೈಲಾಗದ ಮಾತು. ಸೋಮವಾರದಿಂದ ತನ್ನ ಜೊತೆ ಕೆಲಸಕ್ಕೆ ಬಾ ಎಂದಿದ್ದಳು ಅವ್ವ.

ಮಾಸ್ತರರು ಕಾರಣ ಕೇಳಿದರು, ಹೇಳಿದೆ. ಭಾನುವಾರ ಜೀಡಿಮೆಟ್ಲಾಕ್ಕೇ ಬಂದರು. ನಗರದ ಕೊನೆಯ ಬೀದಿಯಿಂದ ನಮ್ಮ ಮನೆಯವರೆಗೆ ಬಿಸಿಲಲ್ಲಿ ನಡೆದರು. ಅವರು ಎಣಿಸುವುದು, ನಾನು ನಕ್ಷೆಯಲ್ಲಿ ಗುರುತು ಹಾಕುವುದು. ಮನೆ, ಗೋದಾಮು, ಮತ್ತೆ ಮನೆ. ನಡುವೆ ಒಂದೇ ಒಂದು ದೊಡ್ಡ ಬಯಲು. ಅದನ್ನು ಎರಡು ಸಲ ದಾಟಿದರು.

"ನೂರಾ ಅರವತ್ತು ಮೀಟರ್. ಬರ್ಕೊ."

ಸೋಮವಾರ ನಕ್ಷೆ ಹಿಡಿದು ಪಾಸಿನ ಕಚೇರಿಗೆ ಹೋಗಿ ಇನ್ನೂರು ಮೀಟರಿನ ಲೆಕ್ಕ ಹೇಳಿದೆವು. ಇಂಗ್ಲೆಂಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು ಅಧಿಕಾರಿ ಹಿಂದಿಯಲ್ಲಿ ಹೇಳಿ ನಕ್ಕರು. ಮಾಸ್ತರರು ಸಿಟ್ಟಾಗಲಿಲ್ಲ. ನೀವೂ ಒಮ್ಮೆ ನಡೆದು ಬನ್ನಿ, ಊರು ಎಲ್ಲಿ ಮುಗಿಯಿತು ಎಂದು ತೋರಿಸಿ, ನಾನು ಸುಮ್ಮನೆ ಹೊರಟುಹೋಗುತ್ತೇನೆ ಎಂದರು. ಅಧಿಕಾರಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಇಷ್ಟೂ ಮನೆ ಯಾರು ಗುರುತು ಹಾಕಿದ್ದು ಎಂದು ಕೇಳಿದರು. ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಧಿಕಾರಿ ಅರ್ಜಿಗೆ ಸಹಿ ಮಾಡಿದರು. ಅದೇ ವಾರ ನಮ್ಮ ವಸ್ತಿಯ ಇನ್ನೂ ಮೂವರಿಗೆ ಪಾಸ್ ಸಿಕ್ಕಿತು.

ಹೊರಗೆ ಬಂದು ಕಾಲಿಗೆ ಬಿದ್ದೆ. "ಏಳವಾ. ನಿನ್ನ ಊರಿಗೆ ನೀ ಬಂದೀ, ಅದಕ್ಯಾಕ ನನಗ ನಮಸ್ಕಾರ?" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಮೆಹದಿಪಟ್ಟಣಂನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ನಾನು ಕಾಚಿಗೂಡದ ಅವರ ಮನೆ ಮುಟ್ಟುವಷ್ಟರಲ್ಲಿ ಅವ್ವನೂ ಕೆಲಸ ಬಿಟ್ಟು, ಸಿಮೆಂಟಿನ ಕೈಯಲ್ಲೇ ಬಂದಳು. ಅವರ ಪಾದದ ಬಳಿ ನಿಂತು ಗಟ್ಟಿಯಾಗಿ ಹೇಳಿದಳು:

"ನಿಮ್ಮ ಹುಡುಗಿ ಈಗ ಟೀಚರ್ ಆಗ್ಯಾಳ್ರೀ, ಮಾಸ್ತರ್ರ."