ದರ್ಜಿ ಮಾಬುಸಾಬರ ಬೀಟ್‌ರೂಟ್

ಗೆಳೆಯರೇ, ಇವತ್ತು ಬೆಳಿಗ್ಗೆ ರೋಣದ ಸಂತೆಯಲ್ಲಿ ನಮ್ಮ ಓಣಿಯ ದರ್ಜಿ ಮಾಬುಸಾಬರು ಹೆಂಡತಿ ಖೈರುನಬಿ ಚಾಚಿಯ ಮೇಲೆ ರೇಗಿಬಿಟ್ಟರು. ಸಕ್ಕರೆ ಕಾಯಿಲೆಯಿಂದ ಮಾಬುಸಾಬರ ಬಲಗಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ನಾಳೆ ಗದಗಿನ ದವಾಖಾನೆಗೆ ಸೇರಬೇಕು. ಪಾದ ತೆಗೆಯದೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಚಾಚಿ ಮಾತ್ರ ಎಂದಿನಂತೆ ಬೀಟ್‌ರೂಟ್, ಪಾಲಕ್, ಬೆಳ್ಳುಳ್ಳಿ ಆರಿಸುತ್ತಿದ್ದರು.

“ರಕ್ತ ಚಲೋ ಓಡತೈತಿ ಅಂತ ಇಷ್ಟ ದಿನ ಇದನ್ನ ತಿನಿಸಿದಿ. ಏನ್ ಉಳೀತು? ಬ್ಯಾಡ, ಚೀಲದಾಗಿಂದ ತಗಿ!” ಎಂದು ಅವರು ಕೂಗಿದಾಗ ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಚಾಚಿ ತಲೆ ಎತ್ತಲಿಲ್ಲ. ಇನ್ನೊಂದು ಬೀಟ್‌ರೂಟ್ ಚೀಲಕ್ಕೆ ಹಾಕುತ್ತ, “ಎಡಗಾಲ ಐತಲ್ರಿ ಇನ್ನ. ಅದಕ್ಕರ ತಿನ್ರಿ,” ಎಂದರು.

ಮಾಬುಸಾಬರು ಆಕೆಯ ಹತ್ತಿರ ಸರಿದರು. “ನಿನ್ನ ಮ್ಯಾಲ ಸಿಟ್ಟಲ್ಲ. ನನಗ ಹೆದರಿಕಿ ಆಗೈತಿ,” ಎಂದು ಮೆಲ್ಲಗೆ ಹೇಳಿ, ಚೀಲವನ್ನು ತಾವೇ ಹಿಡಿದುಕೊಂಡು, ಆಕೆಯ ಹೆಗಲಿಗೆ ಕೈ ಊರಿ ಕುಂಟುತ್ತ ಹೋದರು.

ಕಾಯಿಪಲ್ಲೆ ಮಾರುವ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಉಳ್ಳಾಗಡ್ಡಿ ಭಾಳ ಘಾಟ ಅದಾವ್ರಿ,” ಎಂದರು. ನಾನೂ ಕಣ್ಣೊರೆಸಿಕೊಂಡು ಹೌದೆಂದೆ.

ಅಲ್ಲಿ ಯಾರೂ ಉಳ್ಳಾಗಡ್ಡಿ ಹೆಚ್ಚುತ್ತಿರಲಿಲ್ಲ.