ಹಾಡುಗಾರನ ಕೊರಳಿನ ರುಮಾಲು

ವಾಡಿಯಲ್ಲಿ ಆರ್ಕೆಸ್ಟ್ರಾ ನಡೆದಾಗ ಹೆಸರಾಂತ ಹಾಡುಗಾರನೊಬ್ಬ ಕೊರಳಿನ ಹಳದಿ ರೇಷ್ಮೆ ರುಮಾಲು ಬಿಚ್ಚಿ ಜನರತ್ತ ಎಸೆದ. ನಮ್ಮಣ್ಣ ಅಂಗಿ ಹರಿದುಕೊಂಡು ಅದನ್ನು ಹಿಡಿದು ತಂದ. ನೋಡಿದರೆ ಮೂಲೆಯಲ್ಲಿ ಧೋಬಿ ಹಾಕುವ ನಮ್ಮ ಮನೆಯ ಗುರುತು, ಮೂರು ಕರಿ ಚುಕ್ಕಿ. ಒಗೆಯಲು ಕೊಟ್ಟಾಗ ಕಳೆದುಹೋಯಿತೆಂದು ಅವನು ಹೇಳಿದ್ದ ನನ್ನದೇ ರುಮಾಲು!

ಸಿಟ್ಟಿನಿಂದ ಧೋಬಿಯನ್ನು ಕೇಳಿದೆ.

"ಒಂದಿನದ ಮಟ್ಟಿಗಿ ಹಾಡವರಿಗಿ ಕೊಟ್ಟಿದ್ದೆರಿ ಅಕ್ಕೋರ. ಮಂದಿ ಮ್ಯಾಲ ತೂರ್ತಾರಂತ ನನಗೇನ್ ಗೊತ್ರಿ?"

ನಮ್ಮ ಕಾಲೊನಿಯಲ್ಲಿ ಇನ್ನೂ ಮೂವರು ಹಳದಿ ರುಮಾಲು ಹಿಡಿದು, ಹಾಡುಗಾರ ಎಸೆದ ಅಸಲಿ ರುಮಾಲು ತಮ್ಮದೇ ಅನ್ನುತ್ತಿದ್ದರು. ಹಾಡುಗಾರನಿಗೆ ಕೊಟ್ಟದ್ದು ಮೂರು ಚುಕ್ಕಿಯದೇ ಎಂಬ ಧೋಬಿಯ ಸಾಕ್ಷಿ ಅವರ ಬಾಯಿ ಮುಚ್ಚಿಸಿತು. ಅಣ್ಣ ಖುಷಿಯಿಂದ ಗಾಜಿನ ಕಟ್ಟು ಹಾಕಿಸಿ, ಚುಕ್ಕಿ ಕಾಣುವಂತೆ ಗೋಡೆಗೆ ತೂಗುಹಾಕಿದ.

ನಾನು ಕೈಚಾಚಿದರೆ ಗದರುತ್ತಿದ್ದ: "ಮುಟ್ಟಬ್ಯಾಡ! ನಿಂದೇನು ಅದು?"